ಅತ್ತೆ ನೋಡದ ಕೊನೆಯ ರೀಲು

ಲಕ್ಷ್ಮೇಶ್ವರದ ಆ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಅತ್ತೆ ನನಗೆ ಮೊದಲು ಒಪ್ಪಿಸಿದ್ದು ಅಡುಗೆಮನೆಯನ್ನಲ್ಲ, ಒಂದು ಸಿನಿಮಾದ ಕಥೆಯನ್ನು. ಜೋಳ ಹಸನು ಮಾಡಲು ಕೂತರೆ ಸಾಕು, ಶುರು ಮಾಡುತ್ತಿದ್ದರು. ಅವರು ತವರೂರು ಡೋಣಿಯಲ್ಲಿ ಹುಡುಗಿಯಾಗಿದ್ದಾಗ ಅಣ್ಣನ ಜೊತೆ ಗದುಗಿನ ಟಾಕೀಸಿಗೆ ಹೋಗಿ ನೋಡಿದ ಕಪ್ಪುಬಿಳುಪಿನ ಚಿತ್ರ ಅದು. ಅದರಲ್ಲಿ ತಮ್ಮ ಮಾಡಿದ ಕಳವನ್ನು ಅಣ್ಣ ತನ್ನ ಮೇಲೆ ಹಾಕಿಕೊಳ್ಳುತ್ತಾನೆ. ಪೊಲೀಸರು ಹಿಡಿದೊಯ್ಯುತ್ತಾರೆ. ಅವನ ಹೆಂಡತಿ ಕಂಡವರ ಮನೆಯಲ್ಲಿ ಬೀಸುತ್ತ ಕುಟ್ಟುತ್ತ ಕಾಯುತ್ತಾಳೆ. ಕೊನೆಗೆ ಕೋರ್ಟಿನಲ್ಲಿ ಆ ತಮ್ಮನೇ ತಪ್ಪು ಒಪ್ಪಿಕೊಳ್ಳುತ್ತಾನೆ, ಗಂಡಹೆಂಡತಿ ಚಕ್ಕಡಿ ಏರಿ ಊರಿಗೆ ಮರಳುತ್ತಾರೆ. ಎತ್ತಿನ ಕೊರಳಲ್ಲಿ ಹೊಸ ಗೆಜ್ಜೆಸರ ಇರುತ್ತದೆ. ಒಮ್ಮೊಮ್ಮೆ ಊರವರು ಎದುರುಗೊಳ್ಳಲು ಬರುತ್ತಿದ್ದರು, ಒಮ್ಮೊಮ್ಮೆ ಡೊಳ್ಳೂ ಇರುತ್ತಿತ್ತು. ಅತ್ತೆಯ ಮನಸ್ಸು ಹಗುರಾಗಿದ್ದ ದಿನ ಆ ಚಕ್ಕಡಿ ಊರು ಮುಟ್ಟಲು ಬಹಳ ಹೊತ್ತು ಹಿಡಿಯುತ್ತಿತ್ತು.

ಮಾವ ನಿವೃತ್ತ ಮಾಸ್ತರರು. ಸಿನಿಮಾ ಎಂದರೆ ಕೆಲಸವಿಲ್ಲದವರ ಕೆಲಸ ಎಂಬುದು ಅವರ ಮತ. ಅತ್ತೆ ಕಥೆ ತೆಗೆದರೆ ಅವರು ಪೇಪರನ್ನು ಇನ್ನಷ್ಟು ಎತ್ತಿ ಹಿಡಿಯುತ್ತಿದ್ದರು.

ಆಗ ಊರೂರಿಗೆ ವಿಸಿಆರ್ ಬಂದಿತ್ತು. ಕಾಳಿನ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ನನ್ನ ಮೈದುನ ಒಂದು ಭಾನುವಾರ ಗದುಗಿನಿಂದ ಅದನ್ನು ಬಾಡಿಗೆಗೆ ತಂದ. ಜೊತೆಗೆ ಬಣ್ಣದ ಟಿವಿಯನ್ನೂ, ಅವ್ವನಿಗೆಂದು ಹುಡುಕಿ ತೆಗೆದ ಅದೇ ಹಳೆಯ ಚಿತ್ರದ ಕ್ಯಾಸೆಟ್ಟನ್ನೂ ತಂದಿದ್ದ.

"ಕಪ್ಪುಬಿಳುಪು ಪಿಕ್ಚರಿಗೆ ಬಣ್ಣದ ಟಿವಿ ಯಾಕಲೇ?" ಎಂದರು ಮಾವ, ಪೇಪರಿನ ಹಿಂದಿನಿಂದ.

ಕಿಟಕಿಗೆಲ್ಲ ಕೌದಿ ಕಟ್ಟಿ ಕತ್ತಲೆ ಮಾಡಿದೆವು. ಅತ್ತೆ ಇಳಕಲ್ ಸೀರೆ ಉಟ್ಟು, ಹೂ ಮುಡಿದು ಬಂದು ಕೂತರು. ಕ್ಯಾಸೆಟ್ ಒಳಗೆ ಹೋಯಿತು. ಮೊದಲು ಕಂಡಿದ್ದು ಮಳೆಯೋ ಇರುವೆಯೋ ತಿಳಿಯಲಿಲ್ಲ. ಆಮೇಲೆ ಅದರೊಳಗಿಂದ ಮನುಷ್ಯರು ಮೂಡಿದರು. ಎಲ್ಲರ ಮುಖಕ್ಕೂ ಹಿಟ್ಟು ಬಳಿದಂತಿತ್ತು. ಚಿತ್ರದ ಮೇಲ್ಭಾಗ ಗಾಳಿಗೆ ಸಿಕ್ಕ ಬಾವುಟದಂತೆ ಒಂದು ಕಡೆಗೆ ವಾಲಿತ್ತು. ಮಾತು ಹಾಡು ಎರಡಕ್ಕೂ ಮಿರ್ಚಿಭಜಿ ಕರಿಯುವ ಸಪ್ಪಳದ ಹಿಮ್ಮೇಳ. ನಡುನಡುವೆ ನಾಯಕಿ ಹಸಿರಾಗಿ, ನೇರಳೆಯಾಗಿ, ಮತ್ತೆ ಬೂದಿಯಾಗುತ್ತಿದ್ದಳು.

"ನೋಡ್ರಿ ಅಪ್ಪಾ, ಬಣ್ಣ ಬಂತಲ್ಲ!" ಎಂದ ಮೈದುನ.

ಅತ್ತೆಗೆ ಇದಾವುದೂ ಅಡ್ಡಿಯಾಗಲಿಲ್ಲ. ನಮಗೆ ಕಾಣದ್ದೆಲ್ಲ ಅವರಿಗೆ ಕಾಣುತ್ತಿತ್ತು.

"ನೋಡವಾ, ಆಕೀನ ಹೆಂಡ್ತಿ. ಏನ್ ಕಳಾ ಐತಿ ಮಾರಿ ಮ್ಯಾಲ!"

"ಅತ್ತೀ, ಅದು ಕಂಬ ಇದ್ದಾಂಗ ಐತಲ್ರಿ."

"ಅದರ ಹಿಂದ ನಿಂತಾಳ. ತಡಿ, ಬರತಾಳ."

ಖರೇನೇ ಕಂಬದ ಹಿಂದಿನಿಂದ ಒಂದು ಬಿಳಿ ಗುಂಡು ಹೊರಗೆ ಬಂತು. ಅತ್ತೆ ನನ್ನ ಕಡೆ ಗೆದ್ದವರಂತೆ ನೋಡಿದರು. ಅಷ್ಟರಲ್ಲಿ ಮಾವನ ಕುರ್ಚಿ ಗೋಡೆ ಬಿಟ್ಟು ಅರ್ಧ ಟಿವಿಯ ಕಡೆ ತಿರುಗಿತ್ತು. ಪೇಪರು ಮಾತ್ರ ಇನ್ನೂ ಮೇಲೆಯೇ ಇತ್ತು.

ಕೋರ್ಟಿನ ದೃಶ್ಯ ಬಂತು. ಬಾಗಿಲು ದಬ್ಬಿಕೊಂಡು ತಮ್ಮ ಒಳಗೆ ಬಂದ. ಅಷ್ಟಕ್ಕೆ ಅತ್ತೆ ಸಟಕ್ಕನೆ ಎದ್ದು ಸೆರಗು ಸಿಕ್ಕಿಸಿಕೊಂಡು, "ನಡೀರಿನ್ನ," ಎಂದರು.

"ಎಲ್ಲಿಗೆ ಬೇ? ಇನ್ನೂ ಮುಗದಿಲ್ಲ," ಎಂದ ಮೈದುನ.

ಅತ್ತೆ ನಾಚಿ, ನಗುತ್ತ ಮತ್ತೆ ಕೂತರು. "ನಮ್ಮಣ್ಣ ಇಲ್ಲೇ ರಟ್ಟಿ ಹಿಡದು ಎಬ್ಬಸಿದ್ದ. ಡೋಣಿ ಬಸ್ಸು ತಪ್ಪಿದ್ರ ಮತ್ತ ಬಸ್ಸಿರಲಿಲ್ಲ. ಎರಡನೇ ಸಲ ನೋಡಾಕ ಹೋದಾಗೂ ಹಂಗ ಆತು."

ನಾನೂ ಮೈದುನನೂ ಮುಖ ಮುಖ ನೋಡಿಕೊಂಡೆವು. "ಹಂಗಾರ ಕೊನೀ ನೀವು ನೋಡೇ ಇಲ್ಲೇನ್ರಿ? ಆ ಚಕ್ಕಡಿ?" ಎಂದೆ.

"ಮತ್ತ ಅವ್ರು ಊರಿಗೆ ಹೆಂಗ ಹೋಗಬೇಕು, ನಡಕೋತ?"

ಅಷ್ಟರಲ್ಲಿ ಟಿವಿ ಕರ್ ಎಂದಿತು. ಕೋರ್ಟು, ತಮ್ಮ, ಜಡ್ಜು ಎಲ್ಲ ಒಮ್ಮೆಲೇ ಮಾಯವಾಗಿ, ಢಾಳಾದ ಬಣ್ಣದಲ್ಲಿ ಒಂದು ಮದುವೆಯ ಊಟದ ಪಂಕ್ತಿ ಕಾಣಿಸಿಕೊಂಡಿತು. ಯಾರೋ ಚಿತ್ರದ ಕೊನೆಯ ಮೇಲೆ ತಮ್ಮ ಮನೆಯ ಮದುವೆಯ ವಿಡಿಯೋ ಹಾಕಿಕೊಂಡಿದ್ದರು. ಅಪರಿಚಿತರು ಸಾಲಾಗಿ ಕೂತು, ಕ್ಯಾಮೆರಾ ಬಂದಾಗ ಅಗಿಯುವುದನ್ನು ನಿಲ್ಲಿಸಿ, ಅದು ದಾಟಿ ಹೋದ ಮೇಲೆ ಮುಂದುವರಿಸುತ್ತಿದ್ದರು. ಮೈದುನ ಗಾಬರಿಯಾಗಿ ಕ್ಯಾಸೆಟ್ಟನ್ನು ಮುಂದೆ ಓಡಿಸಿದ. ಮದುವೆಯೂ ಓಡಿತು. ಊಟ, ಅಕ್ಕಿಕಾಳು, ಉಡುಗೊರೆ ದಾಟಿ, ವಧು ಅಳುತ್ತ ಜೀಪು ಹತ್ತಿದಳು. ಟೇಪು ಮುಗಿಯಿತು.

"ಹಿಂದಕ ಬಿಡು," ಎಂದರು ಅತ್ತೆ.

ಕೋರ್ಟು ನೋಡಲಿಕ್ಕೆ ಇರಬೇಕು ಎಂದುಕೊಂಡೆ. ಅಲ್ಲ, ಮದುವೆ ನೋಡಲಿಕ್ಕೆ. ಪೂರ್ತಿ ನೋಡಿದರು. "ಬುಂದೇಲಾಡು ಸಣ್ಣ ಮಾಡ್ಯಾರ. ಬೀಗರಿಗೆ ಸಿಟ್ಟು ಬಂದಾಂಗ ಕಾಣತೈತಿ," ಎಂದರು.

ಆದರೆ ಕೊನೆ ಕಾಣದ್ದು ಮನಸ್ಸಿಗೆ ಹತ್ತಿತ್ತು. ಸಂಜೆಯೆಲ್ಲ ಮಂಕಾಗಿದ್ದರು. ಮರುದಿನ ಮೈದುನ ಕ್ಯಾಸೆಟ್ ತಿರುಗಿ ಕೊಟ್ಟು ಜಗಳ ತೆಗೆದರೆ ಅಂಗಡಿಯವ ಬೆರಗಾಗಿ, "ಇಷ್ಟು ಮಂದಿ ಒಯ್ದಾರ, ಕೊನೀ ಮಟಾ ನೋಡಿದಾವ್ರು ನೀವ ಮೊದಲಿಗರು ನೋಡ್ರಿ!" ಎಂದನಂತೆ. ಮುಂದಿನ ವಾರ ಮುಂಡರಗಿಯಲ್ಲಿ ಇನ್ನೊಂದು ಪ್ರತಿ ಸಿಕ್ಕಿತು. ಅದು ಮೊದಲಿನದರ ನಕಲಿನ ನಕಲು. ಅದರಲ್ಲೂ ಅದೇ ಪಂಕ್ತಿ, ಅದೇ ಲಾಡು, ಬಣ್ಣ ಮಾತ್ರ ಇನ್ನಷ್ಟು ತೊಳೆದುಹೋಗಿತ್ತು. ಅತ್ತೆ ಬೀಗರ ಗುರುತು ಹಿಡಿದು, "ಇವರಿನ್ನೂ ಉಣ್ಣಾಕ ಹತ್ಯಾರಲ್ಲೋ," ಎಂದರು.

ಅಂದು ಚಹಾ ಕುಡಿಯುತ್ತ ಅವರು ತಮ್ಮಷ್ಟಕ್ಕೆ ಅಂದುಕೊಂಡರು: "ಚಕ್ಕಡಿ ಇತ್ತೋ ಇಲ್ಲೋ, ಯಾರಿಗ್ಗೊತ್ತು."

"ಚಕ್ಕಡಿ ಇರಲಿಲ್ಲ," ಎಂದರು ಮಾವ.

ಪೇಪರು ಕೆಳಗಿಳಿದಿತ್ತು. ಅತ್ತೆ ಚಹಾದ ಬಸಿ ಕೆಳಗಿಟ್ಟರು. "ನಿಮಗ ಹೆಂಗ ಗೊತ್ತು?"

"ಗದಗಿನ್ಯಾಗ ಓದೂ ಮುಂದ ನೋಡಿದ್ದೆ."

"ಸಿನಿಮಾದ ಕಡೆ ಹಣಿಕಿ ಸುದ್ದಾ ನೋಡೂದಿಲ್ಲ ನಮ್ಮ ಹುಡುಗ ಅಂತ ನಿಮ್ಮಪ್ಪ ಹೇಳಿದ್ರಲ್ಲ, ಹೆಣ್ಣು ನೋಡಾಕ ಬಂದಾಗ?"

"ನಮ್ಮಪ್ಪಗ ಗೊತ್ತಿರಲಿಲ್ಲ."

ನಾನು ಕೆಮ್ಮಿನ ನೆವದಲ್ಲಿ ನಗು ನುಂಗಿದೆ. ಅತ್ತೆ ನಗಲಿಲ್ಲ. "ಆತು, ಕೊನೀ ಏನು? ಖರೆ ಹೇಳ್ರಿ."

ಮಾವ ಪೇಪರು ಮಡಚಿ ಬದಿಗಿಟ್ಟರು. ಆಮೇಲೆ, "ಬಿಡುಗಡಿ ಆಗಿ ಅಂವ ಓಡಿ ಬರತಾನ. ಆಕಿ ಬಾಗಲದಾಗ ಕುಂತಿರತಾಳ. ಹತ್ರ ಬಂದು ಮುಟ್ಟಿದ್ರ ಜೀವ ಇರೂದಿಲ್ಲ," ಎಂದರು.

ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆ ಹೆಂಗಸಿನ ಜೊತೆ ಅವರು ಬಾಳಿದ ವರ್ಷಗಳೇನು ಕಡಿಮೆಯೇ! ಚಿಕ್ಕವಳಿದ್ದ ನನಗೆ ಆಗಲೂ ನಗುವೇ ಬರುತ್ತಿತ್ತು, ಆದರೂ ಎದ್ದು ಹೋಗಿ ಅತ್ತೆಯ ಪಕ್ಕದಲ್ಲಿ ಕೂತೆ.

"ಇಷ್ಟು ದಿನಾ ಯಾಕ ಹೇಳಲಿಲ್ಲ?"

"ನೀ ಹೇಳೂದ ಚಲೋ ಇತ್ತು," ಎಂದರು ಮಾವ. "ವರ್ಷಾ ವರ್ಷಾ ಸುಧಾರಸ್ತಿತ್ತು. ನಡುವ ಯಾಕ ಬಾಯಿ ಹಾಕಬೇಕು?"

ಅತ್ತೆ ಸಿಟ್ಟಾಗಬೇಕೋ ಖುಷಿಪಡಬೇಕೋ ತಿಳಿಯದೆ, ಬಸಿಗಳನ್ನು ಗಲಗಲ ಎತ್ತಿಕೊಂಡು ಒಳಗೆ ನಡೆದರು. ಒಳಗಿನಿಂದಲೇ, "ಹೊಲಸು ಪಿಕ್ಚರ್! ಹಂಗ ಕೊಲ್ಲೂದಿದ್ರ ಅಷ್ಟು ಯಾಕ ಬೀಸಸಬೇಕಿತ್ತು ಆಕೀ ಕಡಿಂದ?" ಎಂದು ಕೂಗಿದರು.

ಆಮೇಲೆ ಆ ಕಥೆ ಅವರ ಬಾಯಲ್ಲಿ ಬರಲಿಲ್ಲ. ನಾನೇ ಕೆದಕಿದರೆ, "ನಿಮ್ಮ ಮಾವನ್ನ ಕೇಳು, ಅವರು ಓದಿದಾವ್ರು," ಎನ್ನುತ್ತಿದ್ದರು. ಮಾವನ ಕುರ್ಚಿ ಮಾತ್ರ ಟಿವಿಯ ಎದುರಿಗೇ ಬಂತು. ಇನ್ನು ಮುಚ್ಚಿಡುವುದೇನಿತ್ತು? ಮೈದುನ ಹಳೆಯ ಚಿತ್ರಗಳ ಹೆಸರು ಹೇಳುವುದು, ಅತ್ತೆ "ಇದನ್ನೂ ನೋಡೀರೇನ್ರಿ?" ಎನ್ನುವುದು, ಮಾವ ಹೂಂ ಎನ್ನುವುದು. ಓದುವ ದಿನಗಳಲ್ಲಿ ಅವರು ಓದಿದ್ದು ಯಾವಾಗ ಎಂದು ನಮಗೆಲ್ಲ ಅನುಮಾನ ಬರತೊಡಗಿತು.

"ಕೊನೀಗೆ ಯಾರರ ಸಾಯತಾರೇನು?" ಇದು ಅತ್ತೆಯ ಮುಂದಿನ ಪ್ರಶ್ನೆ.

"ಮಾವ ಸಾಯತಾನ."

"ಅಡ್ಡಿ ಇಲ್ಲ, ತರಸ್ರಿ," ಎನ್ನುತ್ತಿದ್ದರು ಅತ್ತೆ.