ಹತ್ತಿ ಸೀಸನ್ ಮುಗಿಯಲಿ ಎಂದು ತಡೆದ ಬಿಡುಗಡೆ

ಆದೋನಿಯಲ್ಲಿ ಕೂತು ನಾನು ಒಂದು ಸಣ್ಣ ಲಿನಕ್ಸ್ ವಿತರಣೆಯ ಬಿಡುಗಡೆ ನೋಡಿಕೊಳ್ಳುತ್ತೇನೆ ಎಂದರೆ ನಂಟರಿಗೆ ಅರ್ಥವಾಗುವುದಿಲ್ಲ. ಹಳೆಯ ಕಂಪ್ಯೂಟರುಗಳೂ ಕನ್ನಡ, ತೆಲುಗು ಎರಡರಲ್ಲೂ ಸಲೀಸಾಗಿ ನಡೆಯುವಂತೆ, ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ಮೂಲ ವ್ಯವಸ್ಥೆಯ ಜೊತೆ ಬೇಕಾದ ಸಾಫ್ಟ್‌ವೇರನ್ನೆಲ್ಲ ಜೋಡಿಸಿ ಪುಕ್ಕಟೆ ಹಂಚುತ್ತೇವೆ. ನಾವು ಕೆಲವೇ ಜನ. ನಮ್ಮಲ್ಲಿ ಎಲ್ಲರಿಗಿಂತ ಚುರುಕಾದವರು ರಾಯಚೂರಿನ ಒಬ್ಬ ಲೆಕ್ಚರರ್, ನನಗಿಂತ ಚಿಕ್ಕವರು.

ಆ ವರ್ಷ ನಮ್ಮ ಹೊಸ ಆವೃತ್ತಿಯ ಬಿಡುಗಡೆ ದಸರೆಗೆ ಎಂದಾಗಿತ್ತು. ಅದೇ ಹೊತ್ತಿಗೆ ನಾವು ಬಳಸುವ ಡೆಸ್ಕ್‌ಟಾಪ್, ಅಂದರೆ ಪರದೆಯ ಮೇಲೆ ಕಾಣುವ ಮೆನು, ಕಿಟಕಿಗಳೆಲ್ಲ, ಪೂರ್ತಿ ಹೊಸ ರೂಪದಲ್ಲಿ ಬರುವುದಿತ್ತು.

"ಹಳೇದು ಹಾಕಿ ಬಿಟ್ರ ಹುಟ್ಟಿದ ದಿನಾನ ಮುದುಕ ಆಗತೈತ್ರಿ ಅಕ್ಕಾ. ಹೊಸಾದು ಬಂದ ಕೂಡಲೇ ನಾವೂ ಬಿಡೋಣ," ಎಂದರು ಲೆಕ್ಚರರ್.

ನಾನು ಅದರ ಪರೀಕ್ಷಾ ಆವೃತ್ತಿಯನ್ನು ಚಿಕ್ಕಮ್ಮನ ಅಂಗಡಿಗೆ ಒಯ್ದೆ. ಮಾರ್ಕೆಟ್ ಯಾರ್ಡಿನ ಹತ್ತಿ ದಲಾಲಿ ಅಂಗಡಿಯನ್ನು ನಡೆಸುವವಳು ಆಕೆಯೇ. ಸಿ. ಬೆಳಗಲ್ ಕಡೆಯ ರೈತರ ತೂಕ, ದರದ ಚೀಟಿ ತೆಲುಗಿನಲ್ಲಿ, ಹೊಳಗುಂದದವರದು ಕನ್ನಡದಲ್ಲಿ. ಒಂದೇ ಕೀಲಿ ಒತ್ತಿ ಭಾಷೆ ಬದಲಿಸುವುದು ಆಕೆಗೆ ರೂಢಿ. ಹೊಸ ಡೆಸ್ಕ್‌ಟಾಪಿನಲ್ಲಿ ಆ ಕೀಲಿ ಒಮ್ಮೆ ಕೇಳುತ್ತಿತ್ತು, ಒಮ್ಮೆ ಇಲ್ಲ. ಒಬ್ಬ ರೈತನ ಹೆಸರು ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಬಂತು.

"ಇದೇನವ್ವಾ ಹಿಂಗ ಮಾಡತೈತಿ? ರೈತರು ಸಾಲಾಗಿ ನಿಂತಾಗ ಇದರ ಜೋಡಿ ಜಗಳಾಡಲೇನು?"

"ಸರಿ ಮಾಡಸ್ತೀನಿ ಚಿಗವ್ವ."

"ಮಾಡಸು. ಆದ್ರ ಹತ್ತಿ ಬರಾಕ ಸುರು ಆತಂದ್ರ ಸಂಕ್ರಾಂತಿ ದಾಟೋಮಟ ಇದನ್ನ ಮುಟ್ಟಾಕ ಬಿಡಂಗಿಲ್ಲ, ಅರ್ಥಮೈಂದಾ?" ತಿಳೀತಾ ಎಂದು ತೆಲುಗಿನಲ್ಲೇ ಕೇಳಿದಳು.

ಡೆಸ್ಕ್‌ಟಾಪ್ ತಯಾರಿಸುವವರಿಗೆ ಬರೆದೆ. ಹೊಸದು ಹೊರಬಂದ ಮೇಲಿನ ಮೊದಲ ತಿದ್ದುಪಡಿಯಲ್ಲಿ ಸರಿಪಡಿಸುತ್ತೇವೆ ಎಂದು ಉತ್ತರ ಬಂತು. ಅಷ್ಟರಲ್ಲಿ ಯಾರ್ಡಿಗೆ ಹತ್ತಿ ಬಂದಿರುತ್ತದೆ. ನಮ್ಮದನ್ನು ಬಳಸುವವರಲ್ಲಿ ಹೆಚ್ಚಿನವರು ಇಂಥ ಅಂಗಡಿಗಳವರೇ. ಅಂದೇ ಮನಸ್ಸು ಗಟ್ಟಿ ಮಾಡಿಕೊಂಡೆ. ಹೊಸ ಡೆಸ್ಕ್‌ಟಾಪೇ ಇರಲಿ, ಆದರೆ ಬಿಡುಗಡೆ ಸಂಕ್ರಾಂತಿಯ ನಂತರ. ಅಲ್ಲಿಯವರೆಗೆ ಹಳೆಯ ಆವೃತ್ತಿಯನ್ನು ಸುರಕ್ಷಿತವಾಗಿ ನಡೆಸುವ ಹೊಣೆ ನಮ್ಮದು.

ಲೆಕ್ಚರರ್ ಫೋನಿನಲ್ಲಿ ಸಿಡಿದರು. "ಅಷ್ಟೊತ್ತಿಗೆ ಎಲ್ಲಾರೂ ಬಿಟ್ಟಿರತಾರ. ನಮ್ಮನ್ನ ಯಾರು ಕೇಳತಾರ?"

"ಕೇಳದಿದ್ರ ಬ್ಯಾಡ್ರಿ. ಚೀಟಿ ತಪ್ಪಾದ್ರ ಯಾರ್ಡಿನವ್ರೆಲ್ಲಾ ನನ್ನ ಕೇಳತಾರ."

ಆಮೇಲೆ ಬಹಳ ದಿನ ಅವರು ನಮ್ಮ ತಂಡದ ಮೆಸೇಜ್ ಗುಂಪಿಗೆ ಏನೂ ಬರೆಯಲಿಲ್ಲ. ಅವರನ್ನು ಕಳೆದುಕೊಂಡೆನೇನೋ ಎಂದು ನನಗೆ ಅಳುಕಾಯಿತು. ಆದರೂ ಮಾತು ಬದಲಿಸಲಿಲ್ಲ. ಹಳೆಯದನ್ನು ತೇಪೆ ಹಾಕಿ ನಡೆಸುವ, ಯಾರಿಗೂ ಬೇಡವಾದ ಕೆಲಸವನ್ನು ಒಬ್ಬಳೇ ಮಾಡುತ್ತ ಹೋದೆ.

ತಿದ್ದುಪಡಿ ಬಂದಾಗ ಎಲ್ಲರಿಗಿಂತ ಮೊದಲು ಪರೀಕ್ಷಿಸಿದವರು ಅವರೇ. ಫೋನ್ ಮಾಡಿ, "ಭಾಷಾ ಬದಲಿ ಆಗತೈತ್ರಿ ಅಕ್ಕಾ. ಆದ್ರ ಕಂಪ್ಯೂಟರ್ ಮಲಗಿ ಎದ್ದ ಮ್ಯಾಲ ಮತ್ತ ಕೆಡತೈತಿ," ಎಂದರು. ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅದನ್ನೂ ಅವರೇ ಸರಿಪಡಿಸಿ ಕಳಿಸಿದರು.

ಸಂಕ್ರಾಂತಿ ಕಳೆದು ಯಾರ್ಡಿನಲ್ಲಿ ಗಾಡಿಗಳು ಕಡಿಮೆಯಾದಾಗ ಬಿಡುಗಡೆ ಮಾಡಿದೆವು. ಚಿಕ್ಕಮ್ಮನ ಅಂಗಡಿಯಲ್ಲಿ ನಾನೇ ಹಾಕಿಕೊಟ್ಟೆ. ಆಕೆ ಕನ್ನಡದಲ್ಲೊಂದು, ತೆಲುಗಿನಲ್ಲೊಂದು ಚೀಟಿ ಹೊಡೆದಳು. ಎರಡೂ ನೆಟ್ಟಗೆ ಬಂದವು.

"ಮೆನು ಯಾಕ ಈ ಕಡಿಗೆ ಬಂತು?" ಎಂದು ಗೊಣಗಿದಳು. ನಾನು ಉತ್ತರ ಹೇಳುವಷ್ಟರಲ್ಲಿ ಅದನ್ನು ತಾನೇ ತೆರೆದು, ಹೊರಗೆ ಕಾಯುತ್ತಿದ್ದ ರೈತನನ್ನು ಒಳಗೆ ಕರೆದಳು.