ಮುದ್ದೆ ನುಂಗುವವರ ಹಲ್ಲು

ಪೂರಿಗಾಲಿಯ ಮರಿಸಿದ್ದಯ್ಯನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಆಲೆಮನೆಯಲ್ಲಿ ಬೆಲ್ಲ ಕಾಯಿಸುವ ಕೆಲಸ; ಒಲೆಯ ಉರಿ ಒಂದಿಷ್ಟು ಮೈಗೂ ಹತ್ತಿಕೊಂಡಿದೆ ಎಂದು ಊರವರು ಆಡಿಕೊಳ್ಳುತ್ತಿದ್ದರು. ಅಂಥವನು ಹೆಂಡತಿ ದೇವಿರಮ್ಮನ ಹಲ್ಲುನೋವಿಗೆ ಊದಿದ ಕೆನ್ನೆಯ ಮುಂದೆ ಮೆತ್ತಗಾಗಿದ್ದ. ಲವಂಗ ಕಚ್ಚಿದ್ದಾಯಿತು, ಹೊಗೆಸೊಪ್ಪಿನ ಕಡ್ಡಿಪುಡಿ ಒತ್ತಿದ್ದಾಯಿತು. ಜ್ವರವೂ ಬಂದ ಮೇಲೆ ಕೆಲಸ ಬಿಟ್ಟು ಅವಳನ್ನು ಬಸ್ಸು ಹತ್ತಿಸಿದ. ಮದ್ದೂರಿಗೆ ಸರ್ಕಾರದ ಹಲ್ಲಿನ ವ್ಯಾನು ಬಂದಿದೆ, ಬಿಟ್ಟಿ ನೋಡುತ್ತಾರೆ ಎಂದು ಯಾರೋ ಹೇಳಿದ್ದರು.

ವ್ಯಾನಿನ ಮುಂದೆ ಉದ್ದ ಸಾಲು. ಅದರಲ್ಲಿ ನಿಂತಿದ್ದ ಪಂಕಜಮ್ಮ ಎಂಬ ಟೀಚರಮ್ಮ ಮಾತಿಗೆ ಸಿಕ್ಕರು.

“ನನಗೇನೂ ನೋವಿಲ್ಲಪ್ಪ. ಕ್ಲೀನ್ ಮಾಡಿಸೋಣ ಅಂತ ಬಂದೆ. ನಮ್ಮ ಬೀದಿಯಲ್ಲೇ ಇಬ್ಬರು ಡಾಕ್ಟರಿದ್ದಾರೆ, ಆದರೂ ಇದು ಮನೆ ಮುಂದೇನೇ ಬಂತಲ್ಲ.”

ದೇವಿರಮ್ಮನ ಮುಖ ಕಂಡು ಅವರೇ ಜಾಗ ಬಿಟ್ಟುಕೊಟ್ಟರು.

ಡಾಕ್ಟರ್ ಚಿತ್ರಾ ನೋಡಿ, “ಕೀವು ತುಂಬಿದೆ. ಮಾತ್ರೆ ಕೊಡ್ತೀನಿ, ಊತ ಇಳೀಲಿ. ಮುಂದಿನ ವಾರ ಮಂಡ್ಯದಲ್ಲಿರ್ತೀವಿ, ಅಲ್ಲಿಗೆ ಬನ್ನಿ, ಹಲ್ಲು ಕೀಳೋಣ” ಎಂದರು.

ಮರಿಸಿದ್ದಯ್ಯನ ತಲೆ ಸರ್ರನೆ ಕಾಯಿತು. “ಮದ್ದೂರಾಯ್ತು, ಮಂಡ್ಯ ಆಯ್ತು. ಗಲ್ಲಿಗೊಬ್ಬ ಡಾಕ್ಟ್ರು ಇರೋ ಕಡೀಕೇ ಓಯ್ತೀರಲ್ಲ, ನಮ್ಮ ಪೂರಿಗಾಲಿ ಏನು ಮನುಸ್ರಿಲ್ದಿರೋ ಊರಾ ತಾಯಿ?”

“ನಿಮ್ಮೂರೂ ಮೊದಲು ಪಟ್ಟಿಯಲ್ಲಿತ್ತು. ತೊಂದರೆ ಇರೋ ಕಡೆಗೇ ವ್ಯಾನ್ ಕಳಿಸಿ ಅಂತಾರೆ ಮೇಲಿನವರು. ವಿಚಾರಿಸಿದಾಗ ಅಲ್ಲಿ ಯಾರಿಗೂ ಹಲ್ಲುನೋವೇ ಇಲ್ಲ ಅಂದ್ರಂತೆ.”

ಹಾಗಂದವರು ಯಾರೆಂದು ಮರಿಸಿದ್ದಯ್ಯನಿಗೆ ನೆನಪಾಯಿತು. ಊರಿನ ಆಶಾ ಕಾರ್ಯಕರ್ತೆ ಶಾಲಿನಿ ಹಿಂದೊಮ್ಮೆ ಮನೆಮನೆಗೆ ಬಂದು, ಹಲ್ಲುನೋವು ಇದೆಯಾ ಎಂದು ಕೇಳಿದ್ದಳು. ಜಗಲಿಯಲ್ಲಿ ಕುಳಿತು ಉತ್ತರ ಕೊಟ್ಟವನು ಅವನೇ: “ಮುದ್ದೆ ನುಂಗೋರ್ಗೆ ಅಲ್ಲುನೋವಿನ ಗೊಡವೆ ಯಾಕವ್ವ? ಅದು ಬ್ರೆಡ್ಡು ತಿನ್ನೋರ ಕಾಯ್ಲೆ!” ಬೀದಿಯೆಲ್ಲ ನಕ್ಕಿತ್ತು, ಬೀದಿಯೆಲ್ಲ ಅದನ್ನೇ ಹೇಳಿತ್ತು. ಮುದ್ದೆಯನ್ನು ಅಗಿಯುವವನು ಆ ಕಡೆ ನಗೆಪಾಟಲು. ಸಾರಿನಲ್ಲಿ ಅದ್ದಿ ನುಂಗಬೇಕು. ಹಾಗಾಗಿ ಹಲ್ಲು ಹೋದರೂ ಊಟ ನಿಲ್ಲದು, ಹೋದದ್ದು ಯಾರ ಕಣ್ಣಿಗೂ ಬೀಳದು.

ಬಸ್ಸಿನಲ್ಲಿ ದೇವಿರಮ್ಮ ಸೆರಗಿನಿಂದ ಕೆನ್ನೆ ಒತ್ತಿಕೊಂಡು ಕೂತಿದ್ದಳು. ತಪ್ಪು ತನ್ನದೇ ಎಂದುಕೊಂಡರೂ ಮರಿಸಿದ್ದಯ್ಯನ ಕೋಪ ಪೂರ್ತಿ ಇಳಿಯಲಿಲ್ಲ. ಪಂಕಜಮ್ಮನವರಿಗೆ ನೋವಿಲ್ಲದೆಯೂ ಕೇಳಿ ಪಡೆಯುವುದು ಗೊತ್ತು. ತಮ್ಮವರಿಗೆ ನೋವಿದ್ದರೂ ಗೊತ್ತಿಲ್ಲ. ಕೇಳಿದವರಿಗೇ ಕೊಡುತ್ತಾ ಹೋದರೆ ವ್ಯಾನು ಪೂರಿಗಾಲಿಯ ದಾರಿ ಹಿಡಿಯುವುದು ಯಾವಾಗ? ಬರೀ ಕೇಳುವ ಬದಲು ಒಂದು ಸಲ ಬಾಯಿ ತೆರೆಸಿ ನೋಡಿದ್ದರೆ ಸಾಕಿತ್ತಲ್ಲ! ಇವಳಂತೂ ಮಂಡ್ಯಕ್ಕೆ ಹೋಗಲೇಬೇಕು; ಇನ್ನೊಬ್ಬಳು ಹೀಗೆ ಜ್ವರದಲ್ಲಿ ಬಸ್ಸು ಹತ್ತುವುದು ಬೇಡ.

ಊರಲ್ಲಿ ಇಳಿದು, ಹೆಂಡತಿಯನ್ನು ಮಲಗಿಸಿ, ಮತ್ತೆ ಮನೆಮನೆಗೆ ಹೋಗೋಣವೆಂದು ಶಾಲಿನಿಯನ್ನು ಹೊರಡಿಸಿಕೊಂಡ.

“ಆವತ್ತು ನಗಾಡಿ ಕಳ್ಸುದ್ರಲ್ಲ ಮಾವ?”

“ನಗಾಡ್ದೆ ಕಣವ್ವ, ಬುದ್ದಿ ಇರ್ನಿಲ್ಲ. ಈಗ ಬಾ.”

ಮೊದಲ ಮನೆ ಗೆಳೆಯ ಕೆಂಪಸಿದ್ದಯ್ಯನದು. “ಬಾಯ್ ತಗೀಲಾ!” ಎಂದ ಮರಿಸಿದ್ದಯ್ಯ.

“ಯಾಕ್ಲಾ, ಸಂತೇಲಿ ಎತ್ತಿನ ಅಲ್ಲು ನೋಡ್ದಂಗೆ ನೋಡೀಯಾ? ನನ್ನ ಯಾರೂ ಕೊಳ್ಳಾಕಿಲ್ಲ ಬುಡು.”

“ತಗೀಲಾ ಅಂದ್ರೆ!”

ಕೆಂಪಸಿದ್ದಯ್ಯ ನಗುತ್ತಲೇ ಬಾಯಿ ತೆರೆದ. ದವಡೆ ಹಲ್ಲು ಒಂದೂ ಇರಲಿಲ್ಲ. ಒಂದು ಕಡೆ ವಸಡು ಹುಣ್ಣಾಗಿತ್ತು.

“ನೋಯಾಕಿಲ್ವೇನ್ಲಾ?”

“ನೋಯ್ತದೆ. ಅದನ್ನೂ ಯೋಳ್ಕಬೇಕಾ?”

ಮರಿಸಿದ್ದಯ್ಯ ಅವನ ಹೆಗಲ ಮೇಲೆ ಕೈಯಿಟ್ಟ. “ಬರ್ಕೊಳವ್ವ, ವ್ಯಾನು ಇಲ್ಲಿಗೇ ಬರ್ಬೇಕು” ಎಂದು ಶಾಲಿನಿಗೆ ಹೇಳಿ, ಪಕ್ಕದ ಮನೆಯ ಬಾಗಿಲು ತಟ್ಟಿದ.