ಒಬಾಚಾನ್ ಕರೆಸಿದ ಸಭೆ

ಜಪಾನಿನ ಫುಕುವೋಕಾ ನಗರದ ಎರಡು ಕೋಣೆಯ ಅಪಾರ್ಟ್‌ಮೆಂಟ್ ಬಿಟ್ಟು ನಾವು ಕ್ಯೂಶೂ ದ್ವೀಪದ ದಕ್ಷಿಣದ ಬೆಟ್ಟಗಳ ನಡುವಿನ ಒಂದು ಹಳ್ಳಿಗೆ ಹೋದದ್ದು ಕೊರೋನಾದ ಮೊದಲ ವರ್ಷದ ಬೇಸಿಗೆಯಲ್ಲಿ. ಹಳ್ಳಿಯ ಬದುಕಿನ ಮೇಲಿನ ಮೋಹದಿಂದ ಹೋದವರಲ್ಲ ನಾವು. ನನ್ನ ಗಂಡ ಅಡುಗೆಮನೆಯ ಮೇಜಿನ ಮೇಲೆ, ನಾನು ಮಲಗುವ ಕೋಣೆಯ ನೆಲದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಬೆಳಗಿನಿಂದ ಸಂಜೆಯ ತನಕ ಮೀಟಿಂಗ್‌ಗಳಲ್ಲೇ ಇರುತ್ತಿದ್ದೆವು. ಏಳು ವರ್ಷದ ಮಗಳು ಎರಡೂ ಕಡೆ ಸುಮ್ಮನಿರು ಎಂದು ಗದರಿಸಿಕೊಂಡು ಒಂದು ದಿನ ಸ್ನಾನದ ಮನೆಯೊಳಗೆ ಕೂತು ಚಿತ್ರ ಬರೆಯುತ್ತಿದ್ದಳು. ಅದನ್ನು ಕಂಡ ವಾರದಲ್ಲೇ ನಾವು ಖಾಲಿ ಬಿದ್ದ ಮನೆಗಳನ್ನು ಬಾಡಿಗೆಗೆ ಕೊಡಿಸುವ ಪಟ್ಟಣ ಕಚೇರಿಗೆ ಅರ್ಜಿ ಹಾಕಿದೆವು.

ಆ ಹಳ್ಳಿಯಲ್ಲಿ ಇದ್ದದ್ದು ಹನ್ನೊಂದು ಮನೆ. ನಮ್ಮದು ಹತ್ತನೆಯದು. ಹನ್ನೊಂದನೆಯದು ಬೆಟ್ಟದ ತಪ್ಪಲಿಗೆ ಅಂಟಿಕೊಂಡಂತೆ ಇತ್ತು. ಅಲ್ಲಿ ಎಂಬತ್ತೈದು ದಾಟಿದ ಅಜ್ಜಿ, ಅವರ ಮಗ, ಸೊಸೆ. ಅಜ್ಜಿಯನ್ನು ಊರೆಲ್ಲ ಒಬಾಚಾನ್ ಎನ್ನುತ್ತಿತ್ತು. ಅಜ್ಜಿ ಎಂದೇ ಅದರ ಅರ್ಥ. ಹೊರಗಿನಿಂದ ಬಂದವರು, ಅದರಲ್ಲೂ ವಿದೇಶಿಯರು, ರೋಗ ತಂದಿರಬಹುದು ಎಂದು ಊರಿನ ಉಳಿದವರು ಮೊದಲ ಎರಡು ವಾರ ನಮ್ಮ ಗೇಟಿನ ಹತ್ತಿರ ಸುಳಿಯಲಿಲ್ಲ. ಅವರನ್ನು ದೂರುವ ಮನಸ್ಸು ನನಗಿಲ್ಲ, ಎಲ್ಲರೂ ಎಪ್ಪತ್ತು ದಾಟಿದವರು. ಒಬಾಚಾನ್ ಮಾತ್ರ ದಿನಾ ಬೆಳಿಗ್ಗೆ ನಮ್ಮ ಗೇಟಿನ ಕಲ್ಲಿನ ಮೇಲೆ ಬದನೆಕಾಯಿ, ಸೌತೆಕಾಯಿ ಇಟ್ಟು, ಹತ್ತು ಹೆಜ್ಜೆ ಹಿಂದೆ ಹೋಗಿ ನಿಂತು, ನಾನು ಬಾಗಿಲು ತೆರೆಯುವ ತನಕ ಕೂಗುತ್ತಿದ್ದರು.

ಅವರದು ದಕ್ಷಿಣದ ಗಟ್ಟಿ ಆಡುಮಾತು. ಆಫೀಸಿನಲ್ಲಿ ಕಲಿತ ನನ್ನ ಜಪಾನೀಸ್‌ಗೆ ಅರ್ಧ ಮಾತ್ರ ದಕ್ಕುತ್ತಿತ್ತು, ಉಳಿದರ್ಧವನ್ನು ಮಗಳು ಹೇಳಿಕೊಡುತ್ತಿದ್ದಳು. ಆದರೂ ಆ ಮಾತಿನ ಎಳೆತ, ಜೋರು, ಸಲುಗೆ ಎಲ್ಲ ನನ್ನ ಕಿವಿಗೆ ನಮ್ಮ ಮದ್ದೂರು ಕಡೆಯ ಮಾತಿನ ಹಾಗೇ ಬೀಳುತ್ತಿತ್ತು. ಹಾಗಾಗಿ ಅವರ ಮಾತನ್ನು ನಾನು ಕೇಳಿಸಿಕೊಂಡ ಕನ್ನಡದಲ್ಲೇ ಬರೆಯುತ್ತೇನೆ.

ಮರುವರ್ಷದ ಬೇಸಿಗೆಯ ಹೊತ್ತಿಗೆ ಮೈಸೂರಿನಲ್ಲಿ ಅಮ್ಮನಿಗೆ ಕೊರೋನಾ ಬಂತು. ಅಣ್ಣ ಆಸ್ಪತ್ರೆಯ ಹೊರಗೆ ನಿಂತು ಕಳಿಸುತ್ತಿದ್ದ ಮೆಸೇಜುಗಳಿಗಾಗಿ ನಾನು ಹನ್ನೆರಡು ದಿನ ಫೋನ್ ಕೈಯಲ್ಲಿ ಹಿಡಿದು ಬದುಕಿದೆ. ವಿಮಾನವಿಲ್ಲ, ಹೋಗುವ ದಾರಿಯಿಲ್ಲ. ಆ ಹನ್ನೆರಡು ದಿನವೂ ಒಬಾಚಾನ್ ಮನೆಯಿಂದ ನಮಗೆ ಅನ್ನ, ಸೋಯಾ ಕಾಳನ್ನು ಹುದುಗಿಸಿ ಮಾಡುವ ಮಿಸೋದ ಸಾರು ಬಂತು. ಮೀನು ಹಾಕದೆ ಬೇರೆಯಾಗಿ ಮಾಡಿದ ಸಾರು. ಸಸ್ಯಾಹಾರದ ಸಂಗತಿಯನ್ನು ನಾನು ಒಮ್ಮೆ ಮಾತ್ರ ಹೇಳಿದ್ದೆ. ಅಮ್ಮ ಮನೆಗೆ ಬಂದಳೆಂದು ತಿಳಿದ ದಿನ ಹೋಗಿ ತಲೆಬಾಗಿ ಅರಿಗಾತೋ, ಧನ್ಯವಾದ ಎಂದೆ. ಅವರು ನನ್ನನ್ನು ಹಿತ್ತಲಿನ ಹಳೆಯ ಕೊಟ್ಟಿಗೆಯ ಮುಂದೆ ಕೂರಿಸಿ, ಸಮಾಧಾನವಾಗಲೆಂದೋ ಏನೋ, ತಮ್ಮ ಮನೆಯ ಕತೆ ಹೇಳಿದರು.

ಯುದ್ಧ ಮುಗಿದ ಮೇಲೆ ಹೊಟ್ಟೆಗಿಲ್ಲದ ಕಾಲದಲ್ಲಿ ಆ ಕೊಟ್ಟಿಗೆಯಲ್ಲಿ ಅವರ ಅಪ್ಪ ಗೆಣಸಿನಿಂದ ಕಳ್ಳ ಸಾರಾಯಿ ಇಳಿಸುತ್ತಿದ್ದರಂತೆ. ತೆರಿಗೆ ಕಚೇರಿಯವರು ಹೊಗೆ ನೋಡಿ ಹಿಡಿಯಲು ಬರುತ್ತಿದ್ದರು. ಭಟ್ಟಿ ಹೊತ್ತಿಸುವ ದಿನ ಹನ್ನೊಂದು ಮನೆಯವರೂ ಒಟ್ಟಿಗೆ ಸ್ನಾನದ ಒಲೆ ಹಚ್ಚುತ್ತಿದ್ದರು, ಯಾವ ಹೊಗೆ ಯಾರದೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಕೆಳಗಿನ ತಿರುವಿನಲ್ಲಿ ಕಾವಲಿಗೆ ಕೂರುತ್ತಿದ್ದವರು ಹನ್ನೊಂದು ವರ್ಷದ ಇದೇ ಒಬಾಚಾನ್.

"ಒಂದ್ಸಲಾನೂ ಸಿಕ್ಕಿಬೀಳಲಿಲ್ಲ ನಾವು. ಯಾಕೆ ಗೊತ್ತಾ? ನಮ್ಮಪ್ಪ ಅವರಿಗೆ ಒಂದು ಸುಳ್ಳೂ ಹೇಳ್ತಿರಲಿಲ್ಲ. ಅವರು ಏನು ನಂಬ್ಕಂಡು ಬಂದವ್ರೋ ಅದನ್ನೇ ನಂಬ್ಕಳ್ಳಿ ಅಂತ ಬಿಟ್ಟುಬಿಡ್ತಿದ್ದ," ಎಂದು ನಕ್ಕರು. ಕೈಗೆ ನಾಲ್ಕು ಕಾಸು ಬರುವಂತಾದ ಮೇಲೆ ಅಪ್ಪನೇ ಭಟ್ಟಿ ಒಡೆದು ಹಾಕಿದರಂತೆ. ಈಗ ಅಲ್ಲಿ ಇದ್ದದ್ದು ಮಿಸೋ ಪೀಪಾಯಿಗಳು.

ಆಗ ನಾನು ಯಾರಿಗೂ ಹೇಳದ ಮಾತೊಂದನ್ನು ಹೇಳಿದೆ. ನಮ್ಮ ತಾಯಿಯ ತಾಯಿಯೂ ಬೆಲ್ಲ, ಜಾಲಿ ತೊಗಟೆ ಹಾಕಿ ಕಳ್ಳಭಟ್ಟಿ ಕಾಯಿಸಿ ಐದು ಮಕ್ಕಳನ್ನು ಸಾಕಿದವಳು. ಅಮ್ಮ ಅದನ್ನು ಜೀವಮಾನವೆಲ್ಲ ಮುಚ್ಚಿಟ್ಟಳು. ನನ್ನ ಗಂಡನಿಗೂ ಗೊತ್ತಿರಲಿಲ್ಲ. ಒಬಾಚಾನ್ ನನ್ನ ಮುಖ ನೋಡಿ, "ಐದೂ ಬದುಕಿದ್ವಾ?" ಎಂದು ಕೇಳಿದರು. ಹೌದು ಎಂದೆ. "ಹಂಗಾದ್ರೆ ನಿಮ್ಮಜ್ಜಿ ಗಟ್ಟಿ ಹೆಂಗಸು," ಎಂದರು. ಆ ಸಂಜೆಯೇ ಅಮ್ಮನಿಗೆ ಫೋನ್ ಮಾಡಿ ಇಷ್ಟನ್ನೂ ಹೇಳಿದೆ. ಅಮ್ಮ ಅಬಕಾರಿಯವರು ಬಂದಾಗ ಮಡಕೆಗಳನ್ನು ತಿಪ್ಪೆಯೊಳಗೆ ಹುಗಿಯುತ್ತಿದ್ದದ್ದನ್ನು ಹೇಳಿ ಕೆಮ್ಮು ಬರುವಷ್ಟು ನಕ್ಕಳು. ಅಮ್ಮ ತನ್ನ ತಾಯಿಯ ಬಗ್ಗೆ ನಗುತ್ತಾ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆ ವರ್ಷದ ನವೆಂಬರಿನಲ್ಲಿ ಫೈಲು ಬಂತು. ಜಪಾನಿನ ಹಳ್ಳಿಗಳಲ್ಲಿ ಊರಿನ ಸುದ್ದಿಯೆಲ್ಲ ಒಂದು ಫೈಲಿನಲ್ಲಿ ಮನೆಯಿಂದ ಮನೆಗೆ ತಿರುಗುತ್ತದೆ. ಓದಿ, ಸಹಿಯ ಬದಲು ಮನೆಯ ಮೊಹರು ಒತ್ತಿ, ಮುಂದಿನ ಮನೆಗೆ ಕೊಡಬೇಕು. ಕೊರೋನಾದಿಂದಾಗಿ ಸಭೆಗಳು ನಿಂತಿದ್ದರಿಂದ ಎಲ್ಲವೂ ಆ ಫೈಲಿನಲ್ಲೇ ನಡೆಯುತ್ತಿತ್ತು. ಈ ಸಲದ್ದು ಪಟ್ಟಣ ಸಭೆಯ ಸದಸ್ಯರೊಬ್ಬರು ಕಳಿಸಿದ್ದು. ಅವರನ್ನು ಎಲ್ಲರೂ 'ಸೆನ್ಸೇ' ಎನ್ನುತ್ತಿದ್ದರು. ಮೇಷ್ಟರಿಗೆ ಹೇಳುವ ಆ ಮಾತನ್ನು ಇಲ್ಲಿ ರಾಜಕಾರಣಿಗಳಿಗೂ ಹೇಳುತ್ತಾರೆ. ಮೊದಲ ಹಾಳೆಯಲ್ಲಿ ಊರಿನ ರಸ್ತೆ ಅಗಲ ಮಾಡುವ ಸಂತೋಷದ ಸುದ್ದಿ, ಕಾಮಗಾರಿಗೆ ಒಪ್ಪಿಗೆ ಕೋರಿಕೆ. ಒಂಬತ್ತು ಮನೆಯ ಕೆಂಪು ಮೊಹರು ಆಗಲೇ ಬಿದ್ದಿತ್ತು.

ಅವರೆಲ್ಲ ಮೊದಲ ಹಾಳೆ ಓದಿ ಒತ್ತಿದ್ದರು. ನನಗೆ ಜಪಾನೀಸಿನ ಕಾಂಜಿ ಚಿತ್ರಾಕ್ಷರ ಸರಾಗವಾಗಿ ಓದಲು ಬಾರದು. ಹಾಗಾಗಿ ನಾನು ಪ್ರತಿ ಹಾಳೆಯ ಮೇಲೂ ಫೋನ್ ಹಿಡಿದು ಅನುವಾದ ಮಾಡಿಸಿಕೊಳ್ಳುತ್ತಿದ್ದೆ, ಕಸದ ವೇಳಾಪಟ್ಟಿಯನ್ನೂ ಸಹ. ನಾಲ್ಕನೆಯ ಹಾಳೆಯಲ್ಲಿ ಸಣ್ಣ ಅಕ್ಷರದಲ್ಲಿ ಬೇರೆಯೇ ವಿಷಯವಿತ್ತು. ಒಬಾಚಾನ್ ಮನೆಯ ಮೇಲಿನ ಕೊಳ್ಳವನ್ನು ನಗರಗಳಲ್ಲಿ ಅಗೆದ ಮಣ್ಣು, ಒಡೆದ ಕಟ್ಟಡಗಳ ಅವಶೇಷ ಸುರಿಯಲು ಹತ್ತು ವರ್ಷ ಬಿಟ್ಟುಕೊಡಲು ಊರಿನವರು ಒಪ್ಪಿದ್ದಾರೆ ಎಂದು. ಹನ್ನೊಂದು ಮನೆಗೂ ನೀರು ಬರುವುದು ಆ ಕೊಳ್ಳದ ಒರತೆಯಿಂದ.

ಗಂಡನಿಗೆ ತೋರಿಸಿದೆ. "ನೋಡು, ನಾವು ಫಾರಿನರ್ಸ್. ವೀಸಾ ಮೇಲೆ ಇದೀವಿ. ಲೋಕಲ್ ಪಾಲಿಟಿಕ್ಸ್‌ಗೆ ತಲೆ ಹಾಕೋದು ಸೇಫ್ ಅಲ್ಲ," ಎಂದ. ಆಮೇಲೆ ಅವನೇ, "ಆದ್ರೆ ಅವ್ರಿಗೆ ಹೇಳದೆ ಇರೋಕೂ ಆಗಲ್ಲ ಅಲ್ವಾ?" ಎಂದ. ಇಬ್ಬರೂ ಚಪ್ಪಲಿ ಮೆಟ್ಟಿಕೊಂಡು ಹೋದೆವು.

ಒಬಾಚಾನ್ ಮಗ ನಾಲ್ಕನೆಯ ಹಾಳೆಯನ್ನು ಎರಡು ಸಲ ಓದಿದರು. ಮಣ್ಣು ಸುರಿಯುವ ಕಂಪನಿ ಸದಸ್ಯರ ಭಾವಮೈದುನನದು ಎಂದರು. ಮನೆಮನೆಗೆ ಹೋಗಿ ಹೇಳಿಬಿಡೋಣ ಎಂದೆ.

"ಹೇಳಿದ್ರೆ ಅರ್ಧ ಜನ ನಂಬಲ್ಲ ಕಣಮ್ಮ," ಎಂದರು ಒಬಾಚಾನ್. "ಇನ್ನರ್ಧ ಜನ ಓದದೆ ಒತ್ತಿಬಿಟ್ವಲ್ಲ ಅಂತ ನಾಚ್ಕೊಂಡು ಬಾಯಿ ಬಿಡಲ್ಲ. ಎಲ್ಲಾರ ಮುಂದೆ, ಸರ್ಕಾರದೋರು ಇರೋವಾಗ, ಗಟ್ಟಿಯಾಗಿ ಓದಿಸ್ಬೇಕು."

"ಸಭೆ ಕರಿಯೋದಿಲ್ಲ ಅಂದಿದ್ದಾರಲ್ಲ, ಸೋಂಕು ಅಂತ," ಎಂದರು ಮಗ.

ಒಬಾಚಾನ್ ಕೊಟ್ಟಿಗೆಯ ಕಡೆ ನೋಡಿದರು. "ಕರಿಸಾಣ. ಅವರ ಕೈಲೇ ಕರಿಸಾಣ."

ಮರುದಿನ ಬೆಳಿಗ್ಗೆಯಿಂದ ಕೊಟ್ಟಿಗೆಯ ಮಾಡಿನಿಂದ ಬಿಳಿ ಹಬೆ ಏಳತೊಡಗಿತು. ಒಳಗೆ ದೊಡ್ಡ ಹಂಡೆಯಲ್ಲಿ ಗೆಣಸು ಬೇಯಿಸಿ, ಮೊಳಕೆ ಬರಿಸಿದ ಬಾರ್ಲಿ ಬೆರೆಸಿ, ರಸ ಸೋಸಿ ಮಂದವಾಗುವ ತನಕ ಕಾಯಿಸುತ್ತಿದ್ದರು. ಆ ಕಡೆಯ ಹಳೆಯ ಸಿಹಿ ಪಾಕ ಅದು. ಸಕ್ಕರೆ ಸಿಗದ ಕಾಲದಲ್ಲಿ ಮಕ್ಕಳಿಗೆ ಮಾಡಿಕೊಡುತ್ತಿದ್ದದ್ದು. ವಾಸನೆ ನಮ್ಮ ಅಡುಗೆಮನೆಯ ತನಕ ಬರುತ್ತಿತ್ತು.

ಫೈಲು ಎಷ್ಟು ದಿನವಾದರೂ ಮರಳದಿದ್ದಾಗ ಸದಸ್ಯರು ಒಂದು ಮಧ್ಯಾಹ್ನ ಕಾರಿನಲ್ಲಿ ಬಂದು ಮೊದಲು ನಮ್ಮ ಗೇಟಿನಲ್ಲೇ ನಿಂತರು. ಬಹಳ ಮರ್ಯಾದೆಯ ಮನುಷ್ಯ, ಮಾತಿಗೊಮ್ಮೆ ಬಾಗುತ್ತಿದ್ದರು. ಬರುತ್ತಾರೆಂದು ಒಬಾಚಾನ್ ನನಗೆ ಮೊದಲೇ ಹೇಳಿದ್ದರು. "ಸುಳ್ಳು ಹೇಳಬ್ಯಾಡ. ಕಂಡಿದ್ದು ಹೇಳು, ಸಾಕು."

ಪಕ್ಕದ ಮನೆಯಲ್ಲಿ ಏನು ಹೊಗೆ ಎಂದು ಸದಸ್ಯರು ಕೇಳಿದರು.

"ಗೊತ್ತಿಲ್ಲ, ದಿನಾ ಬೆಳಿಗ್ಗೆ ಬರುತ್ತೆ. ಸಿಹಿ ವಾಸನೆ," ಎಂದೆ.

"ಏನು ಬೇಯಿಸ್ತಾರೆ?"

"ಗೆಣಸು. ಮೊಳಕೆ ಬಂದ ಬಾರ್ಲಿಯನ್ನೂ ನೋಡಿದೆ."

ಒಂದು ಮಾತು ಮಾತ್ರ ಸುಳ್ಳಾಗಿತ್ತು, 'ಗೊತ್ತಿಲ್ಲ' ಎಂದದ್ದು. ಆಮೇಲೆ ಒಬಾಚಾನ್ ಅದಕ್ಕೆ ನನ್ನನ್ನು ಬೈದರು. ಆದರೆ ಸದಸ್ಯರಿಗೆ ಅದೂ ಬೇಕಿರಲಿಲ್ಲ. ಗೆಣಸು, ಬಾರ್ಲಿ, ಆ ಮನೆತನಕ್ಕಿದ್ದ ಹಳೆಯ ಸಾರಾಯಿಯ ಹೆಸರು ಮೂರೂ ಸೇರಿದಾಗ ಅವರ ಕಣ್ಣಿನಲ್ಲಿ ಬೆಳಕು ಹತ್ತಿದ್ದು ಮಾಸ್ಕಿನ ಮೇಲಿನಿಂದಲೇ ಕಂಡಿತು. ನೇರ ಪಕ್ಕದ ಮನೆಗೆ ಹೋದರು. ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಬರುತ್ತೇನೆ, ಅಷ್ಟರಲ್ಲಿ ಮೊಹರು ಬೀಳದಿದ್ದರೆ ತೆರಿಗೆ ಕಚೇರಿಯವರನ್ನೂ ಪತ್ರಿಕೆಯವರನ್ನೂ ಕರೆತರುತ್ತೇನೆ ಎಂದರಂತೆ. ಮಗ ತಲೆಬಾಗಿ ಅವರನ್ನು ಕಾರಿನ ತನಕ ಕಳಿಸಿಬಂದರು. ಅವರ ಕಾರು ತಿರುವು ದಾಟಿದ ಮೇಲೆ ಮನೆಮನೆಗೆ ಹೋಗಿ, ಶುಕ್ರವಾರ ಒಂಬತ್ತಕ್ಕೆ ಪಾಕ ಇಳಿಸುತ್ತೇವೆ, ಡಬ್ಬಿ ತನ್ನಿ, ಅಂಗಳದಲ್ಲಿ ದೂರದೂರ ನಿಲ್ಲೋಣ ಎಂದು ಹೇಳಿ ಬಂದರು.

ಶುಕ್ರವಾರ ಮಂಜು ಬಿದ್ದಿತ್ತು. ಅಂಗಳದಲ್ಲಿ ಒಂಬತ್ತು ಮನೆಯ ಮುದುಕ ಮುದುಕಿಯರು ಮಾಸ್ಕು ಹಾಕಿಕೊಂಡು, ಡಬ್ಬಿ ಹಿಡಿದು, ಎರಡು ಮಾರು ಅಂತರದಲ್ಲಿ ನಿಂತಿದ್ದರು. ಹತ್ತನೆಯ ಮನೆಯಿಂದ ನಾವಿಬ್ಬರು. ಸರಿಯಾಗಿ ಒಂಬತ್ತಕ್ಕೆ ಸದಸ್ಯರ ಕಾರು, ಹಿಂದೆ ತೆರಿಗೆ ಕಚೇರಿಯ ಬಿಳಿ ಕಾರು, ಅದರ ಹಿಂದೆ ಕ್ಯಾಮೆರಾ ಹೊತ್ತ ಒಬ್ಬ ಪತ್ರಕರ್ತೆ. ಅಷ್ಟು ಜನರನ್ನು ಕಂಡು ಸದಸ್ಯರು ಒಂದು ಗಳಿಗೆ ತಡವರಿಸಿದರೂ, ಸಾಕ್ಷಿಗಳು ಹೆಚ್ಚಾದರೆ ಒಳ್ಳೆಯದೇ ಎಂದುಕೊಂಡರೇನೋ, ಮುಂದೆ ನಡೆದರು.

ಇಬ್ಬರು ಅಧಿಕಾರಿಗಳಲ್ಲಿ ಹಿರಿಯರು ಕೊಟ್ಟಿಗೆಯೊಳಗೆ ಹೋಗಿ ಪ್ರತಿ ಪೀಪಾಯಿಯ ಮುಚ್ಚಳ ತೆಗೆಸಿದರು. ಮಿಸೋ, ಮಿಸೋ, ಉಪ್ಪಿನಕಾಯಿ. ಹಂಡೆಯ ಮುಂದೆ ಬಗ್ಗಿ ಮೂಸಿದರು. ಸೊಸೆ ಮರದ ಸೌಟಿನಲ್ಲಿ ಸ್ವಲ್ಪ ತೆಗೆದು ಕೊಟ್ಟರು. ಅವರು ಮಾಸ್ಕನ್ನು ಗಲ್ಲಕ್ಕೆ ಇಳಿಸಿ ನೆಕ್ಕಿದರು.

"ಪಾಕ," ಎಂದರು. ಇನ್ನೊಂದು ಸಲ ನೆಕ್ಕಿ, "ನಮ್ಮಮ್ಮ ಮಾಡ್ತಿದ್ದಳು," ಎಂದರು. ಅಂಗಳದಲ್ಲಿ ನಗು ಹರಡಿತು. ಸದಸ್ಯರು ಆಗಲೇ ಕಾರಿನ ಕಡೆ ತಿರುಗಿದ್ದರು.

ಒಬಾಚಾನ್ ಫೈಲು ಹಿಡಿದು ಹಿರಿಯ ಅಧಿಕಾರಿಯ ಮುಂದೆ ಬಂದು ಸೊಂಟ ಬಾಗಿಸಿದರು. "ಸುಮಿಮಾಸೆನ್, ತಪ್ಪು ತಿಳೀಬ್ಯಾಡಿ ಸಾಹೇಬ್ರೇ. ಕಣ್ಣು ಮಂಜಾಗೈತೆ. ಈ ಕಾಗದಕ್ಕೆ ಮೊಹರು ಒತ್ತು ಅಂತ ಸೆನ್ಸೇ ಹೇಳ್ತಾವ್ರೆ. ಏನು ಬರ್ದದೆ ಅಂತ ಒಸಿ ಗಟ್ಟಿಯಾಗಿ ಓದ್ತೀರಾ?"

"ಅದು ಬೇರೆ ವಿಚಾರ," ಎಂದರು ಸದಸ್ಯರು. "ಈಗ ಬೇಡ. ಹೀಗೆ ಜನ ಸೇರುವುದು ಅಪಾಯ."

"ಸರ್ಕಾರದೋರನ್ನ ಕರ್ಕೊಂಡು ಬಂದೋರು ತಾವೇ ಅಲ್ವಾ, ಸೆನ್ಸೇ?"

ಸುಮ್ಮನೆ ತೊಂದರೆ ಕೊಟ್ಟೆವಲ್ಲ ಎಂಬ ಮುಜುಗರವಿತ್ತೋ ಏನೋ, ಅಧಿಕಾರಿ ಇಲ್ಲ ಎನ್ನಲಿಲ್ಲ. ಕನ್ನಡಕ ಹಾಕಿಕೊಂಡು, ಸರ್ಕಾರಿ ದನಿಯಲ್ಲಿ, ಒಂದು ಪದವನ್ನೂ ಬಿಡದೆ ಓದಿದರು. ಮೂರು ಹಾಳೆ ಮುಗಿಯುವ ತನಕ ಜನ ತಲೆಯಾಡಿಸುತ್ತಿದ್ದರು. ನಾಲ್ಕನೆಯ ಹಾಳೆಯ ನಡುವೆ ಅವರ ದನಿಯೇ ನಿಧಾನವಾಯಿತು.

ಮೊದಲ ಮನೆಯ ಯಜಮಾನರು, ಎಲ್ಲರಿಗಿಂತ ಮುಂಚೆ ಮೊಹರು ಒತ್ತಿದ್ದವರು, "ಕೊನೇದು ಇನ್ನೊಂದ್ಸಲ ಓದಿ," ಎಂದರು. ಓದಿದರು. ಯಜಮಾನರು ಡಬ್ಬಿಯನ್ನು ನೆಲಕ್ಕಿಟ್ಟು ಮನೆಗೆ ನಡೆದರು. ಹತ್ತು ನಿಮಿಷದ ಮೇಲೆ ತಮ್ಮ ಮೊಹರಿನ ಪುಟ್ಟ ಡಬ್ಬಿ ಹಿಡಿದು ಬಂದು, ತಮ್ಮ ಒಪ್ಪಿಗೆಯ ಮೇಲೆ ಎರಡು ಗೆರೆ ಎಳೆದು, ಗೆರೆಯ ಮೇಲೆ ಹೊಸದಾಗಿ ಮೊಹರು ಒತ್ತಿದರು. ಇಲ್ಲಿ ಬರೆದದ್ದನ್ನು ರದ್ದು ಮಾಡುವ ಕ್ರಮ ಅದು. ಅವರನ್ನು ನೋಡಿ ಒಬ್ಬೊಬ್ಬರಾಗಿ ಎಂಟು ಮನೆಯವರೂ ಹೋಗಿ ಮೊಹರು ತಂದರು. ಪತ್ರಕರ್ತೆ ಸದಸ್ಯರ ಕಡೆ ಮೈಕು ಚಾಚಿದಾಗ ಅವರು ಕಾರಿನೊಳಗಿದ್ದರು. ಕೊನೆಗೆ ಯಜಮಾನರು ನನ್ನನ್ನೂ ಕರೆದರು. ರದ್ದು ಮಾಡಲು ನನ್ನ ಒಪ್ಪಿಗೆ ಅಲ್ಲಿರಲೇ ಇಲ್ಲವಲ್ಲ ಎಂದೆ. "ಇರಲಿ, ಊರೋಳು ನೀನು. ನಿಂದೂ ಒಂದಿರಲಿ," ಎಂದರು ಯಜಮಾನರು. ಓಡಿ ಹೋಗಿ ನಮ್ಮ ಮನೆಯ ಮೊಹರು ತಂದು ಒತ್ತಿದೆ, ಅದು ಸೊಟ್ಟಗೆ ಬಿತ್ತು.

ಪತ್ರಿಕೆಯಲ್ಲಿ ಸಣ್ಣದಾಗಿ ಸುದ್ದಿ ಬಂತು. ಪಟ್ಟಣ ಕಚೇರಿ ಆ ಕಾಗದವನ್ನು ತೆಗೆದುಕೊಳ್ಳಲಿಲ್ಲ, ಕೊಳ್ಳದ ತಂಟೆಗೆ ಮತ್ತೆ ಯಾರೂ ಬರಲಿಲ್ಲ. ಮುಂದಿನ ಚುನಾವಣೆಗೆ ಸದಸ್ಯರು ಆರೋಗ್ಯದ ಕಾರಣ ಹೇಳಿ ನಿಲ್ಲಲಿಲ್ಲ.

ಆ ಮನೆಯವರು ನನಗೆ ಕೊಟ್ಟದ್ದನ್ನು ಇವತ್ತಿಗೂ ನೆನೆಯುತ್ತೇನೆ. ಯಾರೂ ಯಾರನ್ನೂ ಮುಟ್ಟದ ವರ್ಷಗಳಲ್ಲಿ ನನ್ನ ಮಗಳು ಒಂದು ಮುದುಕಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ನನ್ನ ಗಂಡ ಗೆಣಸಿನ ಬಳ್ಳಿ ನೆಡಲು ಕಲಿತ. ನಮಗೆ ಅದಕ್ಕಿಂತ ಹೆಚ್ಚೇನು ಬೇಕಿತ್ತು?

ಈಗ ಕೆಲಸದ ಕಾರಣ ಅಲ್ಲಿಂದ ಬಹಳ ದೂರದ ಕನಗಾವಾ ಕಡೆ ಬಂದಿದ್ದೇವೆ. ಹೋದ ತಿಂಗಳು ಒಬಾಚಾನ್‌ಗೆ ಮಂಡಿಯ ಆಪರೇಷನ್ ಆಯಿತು. ಫೋನ್ ಮಾಡಿದಾಗ ಆಸ್ಪತ್ರೆಯ ಊಟಕ್ಕೆ ಉಪ್ಪಿಲ್ಲವೆಂದು ದೂರಿದರು, ಪಕ್ಕದ ಹಾಸಿಗೆಯ ಹೆಂಗಸು ಒಳ್ಳೆಯವಳೆಂದರು, ಮಗಳನ್ನು ಕರೆದು ಫೋನ್ ಕೊಡು ಎಂದರು. ಕೊಟ್ಟೆ. ಇಬ್ಬರೂ ಒಂದು ಗಂಟೆ ಮಾತಾಡಿದರು.